ಶ್ರೀರಂಗಪಟ್ಟಣದ ಸಂಧಿ ಮತ್ತು ರಾಜೋಳಿಯ ಹೊಳೆ

ಯುದ್ಧದಲ್ಲಿ ಸೋತ ನಾಡನ್ನು ಸೋಲಿಗಿಂತ ಹೆಚ್ಚು ಕಾಲ ಬಾಧಿಸುವುದು ಅನಂತರ ಬರೆಯಲಾಗುವ ಸಂಧಿಪತ್ರ. ಇದಕ್ಕೆ 1919ರ ವರ್ಸೇಲ್ಸ್ ಒಪ್ಪಂದವನ್ನು ಉದಾಹರಿಸುವುದು ವಾಡಿಕೆ. ಅದಕ್ಕೂ ನೂರಿಪ್ಪತ್ತೇಳು ವರ್ಷ ಮೊದಲೇ ಕನ್ನಡ ನಾಡು ಅಂಥದೊಂದು ಸಂಧಿಯನ್ನು ಕಂಡಿತ್ತು. ಅದರ ಪರಿಣಾಮಗಳ ಸರಣಿ ರಾಜೋಳಿಯ ತುಂಗಭದ್ರಾ ದಂಡೆಯವರೆಗೂ ಬಂದಿದೆ.

1792ರ ಮಾರ್ಚ್‌ನಲ್ಲಿ ಟಿಪ್ಪು ಸುಲ್ತಾನನು ಈಸ್ಟ್ ಇಂಡಿಯಾ ಕಂಪನಿ, ನಿಜಾಮ ಮತ್ತು ಮರಾಠರೊಂದಿಗೆ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಸಹಿ ಹಾಕಿದನು. ಷರತ್ತುಗಳು ಮೂರು: ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕು; 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕು; ಅದಕ್ಕೆ ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ಒಪ್ಪಿಸಬೇಕು. ದಂಡದ ಅರ್ಧ ಭಾಗವನ್ನು ಕೂಡಲೇ, ಉಳಿದುದನ್ನು ಒಂದು ವರ್ಷದೊಳಗೆ ಮೂರು ಕಂತುಗಳಲ್ಲಿ ಸಲ್ಲಿಸಬೇಕಿತ್ತು.

ಈ ಷರತ್ತುಗಳು ಒಂದನ್ನೊಂದು ಬಿಗಿಗೊಳಿಸುವಂತಿದ್ದವು. ನೆಲ ಹೋದೊಡನೆ ಅದರ ಕಂದಾಯವೂ ಹೋಯಿತು, ದಂಡದ ಮೊತ್ತ ಮಾತ್ರ ಹಾಗೆಯೇ ಉಳಿಯಿತು. ಅದು ಉಳಿದ ಅರ್ಧ ರಾಜ್ಯದ ಎರಡು ವರ್ಷಗಳ ಕಂದಾಯಕ್ಕೂ ಮೀರಿದ್ದು. ಕೊನೆಗೆ ಅದರ ಭಾರ ಬೊಕ್ಕಸದೊಂದಿಗೆ ರೈತರ ಮೇಲೂ ಬಿದ್ದಿತು. ಒತ್ತೆಯಿಟ್ಟ ಮಕ್ಕಳು ಮರಳಿದ್ದು 1794ರಲ್ಲಿ. ಸಂಧಿಯಿಂದ ಶಾಂತಿಯೂ ನೆಲೆಗೊಳ್ಳಲಿಲ್ಲ. ಏಳೇ ವರ್ಷಗಳಲ್ಲಿ ಮತ್ತೆ ಯುದ್ಧವಾಗಿ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು.

ಗೆದ್ದವರು ನೆಲವನ್ನು ಹಂಚಿಕೊಂಡದ್ದು ಹುಟ್ಟುವಳಿಯ ಲೆಕ್ಕದಲ್ಲಿ. ಒಬ್ಬೊಬ್ಬರಿಗೂ ಸುಮಾರು 13 ಲಕ್ಷ ವರಹ ಆದಾಯದ ಸೀಮೆ ಸಿಗುವಂತೆ ಪಟ್ಟಿಗಳನ್ನು ಮಾಡಲಾಯಿತು. ಅಲ್ಲಿನ ಜನ ಯಾವ ಭಾಷೆಯನ್ನಾಡುವರೆಂಬುದು ಆ ಪಟ್ಟಿಗಳ ವಿಷಯವಾಗಿರಲಿಲ್ಲ.

ಗೆದ್ದವರ ಸಾಲಿನಲ್ಲಿದ್ದ ನಿಜಾಮನಿಗೂ ಆ ನೆಲ ದಕ್ಕಲಿಲ್ಲ. ತನ್ನಲ್ಲಿ ನೆಲೆಗೊಂಡ ಕಂಪನಿ ಸೈನ್ಯದ ವೆಚ್ಚಕ್ಕಾಗಿ, 1792 ಮತ್ತು 1799ರಲ್ಲಿ ಪಡೆದ ಸೀಮೆಗಳನ್ನು ಅವನು 1800ರ ಅಕ್ಟೋಬರ್‌ನಲ್ಲಿ ಕಂಪನಿಗೇ ಒಪ್ಪಿಸಿದನು. ಬಳ್ಳಾರಿ, ಅನಂತಪುರ, ಕಡಪ ಪ್ರಾಂತಗಳು 'ದತ್ತ ಮಂಡಲ'ಗಳಾದವು. ಗಡಿ ಸ್ಪಷ್ಟವಾಗಿರಲೆಂದು, ಹೊಳೆಯ ದಕ್ಷಿಣದ ಆದವಾನಿಯೂ ಕಂಪನಿಗೆ ಸೇರಿತು. ಉತ್ತರದ ಕೊಪ್ಪಳ ನಿಜಾಮನಲ್ಲಿ ಉಳಿಯಿತು. ತುಂಗಭದ್ರೆ ಎರಡು ಆಡಳಿತಗಳ ಮೇರೆಯಾಯಿತು. ಉತ್ತರ ದಂಡೆಯ ರಾಜೋಳಿ ನಿಜಾಮನ ಸೀಮೆಯಲ್ಲಿ ಉಳಿಯಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಐವತ್ತೆಂಟು ವರ್ಷ ಹೊಳೆಯ ಎರಡೂ ದಂಡೆಗಳು ಒಂದೇ ರಾಜ್ಯದಲ್ಲಿದ್ದವು. 2014ರ ಜೂನ್ 2ರಂದು ತೆಲಂಗಾಣ ರೂಪುಗೊಂಡಾಗ 1800ರ ಗೆರೆ ಇಲ್ಲಿ ಮತ್ತೆ ಗಡಿಯಾಯಿತು. ಇಂದು ಸುಂಕೇಸುಲ ಅಣೆಕಟ್ಟಿನ ಒಂದು ತುದಿ ಒಂದು ರಾಜ್ಯದಲ್ಲಿದೆ, ಇನ್ನೊಂದು ತುದಿ ಮತ್ತೊಂದು ರಾಜ್ಯದಲ್ಲಿದೆ.

ಆದರೆ 1792ಕ್ಕೂ 1956ಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಶ್ರೀರಂಗಪಟ್ಟಣದ ಸಂಧಿ ಗೆರೆಯ ಆಚೆ ಉಳಿದವರಿಗಾಗಿ ಏನನ್ನೂ ಬರೆದಿಡಲಿಲ್ಲ. 1956ರಲ್ಲಿ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿಯ ಈಚೆ ಉಳಿದ ನಾವು ನಮ್ಮ ಊರಿನ ಕನ್ನಡ ಶಾಲೆಗಾಗಿ ಅರ್ಜಿ ಬರೆಯುವಾಗ ಅದನ್ನು ಉಪಕಾರವಾಗಿ ಬೇಡಬೇಕಿಲ್ಲ. ಈ ವಿಧಿಯ ಸಂಖ್ಯೆಯನ್ನು ನಮೂದಿಸಿಯೇ ಕೇಳಬಹುದು.