ಹೆದರಿಸಿದರೆ ಮಕ್ಕಳು ಡ್ರಗ್ಸ್‌ನಿಂದ ದೂರ ಉಳಿಯುತ್ತಾರೆಯೇ?



ಡ್ರಗ್ಸ್ ಬಗ್ಗೆ ಭಯ ಹುಟ್ಟಿಸುವ ವಿಡಿಯೋಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. "ಮಕ್ಕಳಿಗೆ ತಪ್ಪದೇ ತೋರಿಸಿ" ಎಂಬ ಸಾಲೂ ಜೊತೆಗಿರುತ್ತದೆ. ತೋರಿಸುವ ಮುನ್ನ ಇದನ್ನು ಓದಿ.

*ಅಮೆರಿಕದಲ್ಲಿ ಏನಾಯಿತು?*
1998ರಿಂದ 2004ರವರೆಗೆ ಅಲ್ಲಿನ ಸರ್ಕಾರ 9ರಿಂದ 18 ವರ್ಷದ ಮಕ್ಕಳಿಗಾಗಿ ಮಾದಕ ವಸ್ತು ವಿರೋಧಿ ಅಭಿಯಾನ ನಡೆಸಿತು. ಖರ್ಚು ಸುಮಾರು 100 ಕೋಟಿ ಡಾಲರ್. ಮಕ್ಕಳು ಜಾಹೀರಾತುಗಳನ್ನು ನೋಡಿದರು, ನೆನಪಿಟ್ಟುಕೊಂಡರು. ಆದರೆ ಗಾಂಜಾ ಸೇವನೆ ಇದರಿಂದ ಕಡಿಮೆಯಾಯಿತು ಎಂಬುದಕ್ಕೆ ಆಧಾರ ಸಿಗಲಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಚ್ಚು ಜಾಹೀರಾತು ನೋಡಿದ ಕೆಲವರಲ್ಲಿ "ನಾನು ಮುಟ್ಟುವುದಿಲ್ಲ" ಎಂಬ ನಿರ್ಧಾರವೇ ಸಡಿಲವಾಗಿತ್ತು!

*ಕಾರಣವೇನು?*
ಸಂಶೋಧಕರ ಊಹೆ ಹೀಗಿದೆ: ಒಂದೇ ಎಚ್ಚರಿಕೆಯನ್ನು ಪದೇಪದೇ ಕೇಳಿದ ಮಗು, "ಹಾಗಾದರೆ ನನ್ನ ವಯಸ್ಸಿನವರೆಲ್ಲ ಇದನ್ನು ಮಾಡುತ್ತಿದ್ದಾರೆ" ಎಂದುಕೊಳ್ಳುತ್ತದೆ. ಹದಿಹರೆಯದಲ್ಲಿ ಗೆಳೆಯರಿಂದ ಹೊರಗುಳಿಯುವ ಭಯವೂ ದೊಡ್ಡದು.

*ಯಾವುದು ಫಲ ಕೊಟ್ಟಿತು?*
2000ದಲ್ಲಿ ಅಲ್ಲಿ ಶುರುವಾದ 'ಟ್ರೂತ್' ಎಂಬ ತಂಬಾಕು ವಿರೋಧಿ ಅಭಿಯಾನ ಮಕ್ಕಳಿಗೆ ಬುದ್ಧಿವಾದ ಹೇಳಲಿಲ್ಲ. ಸಿಗರೇಟ್ ಕಂಪನಿಗಳು ಹೇಗೆ ಮೋಸ ಮಾಡುತ್ತವೆ ಎಂದು ತೋರಿಸಿತು. ಹದಿಹರೆಯದವರ ಧೂಮಪಾನ ಇಳಿಯಲು ಅದೂ ನೆರವಾಯಿತು ಎಂದು ಅಧ್ಯಯನಗಳು ಹೇಳಿವೆ. "ಬೇಡ" ಎನ್ನುವುದು ಅಪ್ಪ ಅಮ್ಮನ ಆಜ್ಞೆಯಾಗದೆ ಮಕ್ಕಳ ಸ್ವಂತ ತೀರ್ಮಾನವಾಯಿತು.

*ಮನೆಯಲ್ಲಿ ನಾವೇನು ಮಾಡಬಹುದು?*

✅ "ಈಗಿನ ಹುಡುಗರೆಲ್ಲ ಹಾಳಾಗಿದ್ದಾರೆ" ಎನ್ನಬೇಡಿ. ಅದು ನಿಜವೂ ಅಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ 10ರಿಂದ 17 ವರ್ಷದವರಲ್ಲಿ ಗಾಂಜಾ, ಭಂಗಿ ಸೇವಿಸುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮುಟ್ಟದವರೇ ಹೆಚ್ಚು ಎಂದು ಮಕ್ಕಳಿಗೆ ತಿಳಿಯಲಿ.

✅ ಹೇಳುವುದಕ್ಕಿಂತ ಕೇಳಿ. "ಯಾರಾದರೂ ಕೊಟ್ಟರೆ ಏನು ಹೇಳ್ತೀಯ?" ಎಂದು ಊಟದ ಹೊತ್ತಿನಲ್ಲಿ ಸಹಜವಾಗಿ ಕೇಳಿ. ಉತ್ತರ ಮೊದಲೇ ಯೋಚಿಸಿಟ್ಟವರಿಗೆ ಆ ಕ್ಷಣದಲ್ಲಿ "ಬೇಡ" ಎನ್ನುವುದು ಸುಲಭ.

✅ ಉತ್ಪ್ರೇಕ್ಷೆ ಬೇಡ. ಒಂದು ಸುಳ್ಳು ಗೊತ್ತಾದರೆ ನೀವು ಹೇಳಿದ ನಿಜವನ್ನೂ ಅವರು ನಂಬುವುದಿಲ್ಲ.

✅ "ಏನೇ ಆದರೂ ಮೊದಲು ನನಗೆ ಹೇಳು, ಬೈಯುವುದಿಲ್ಲ" ಎಂದು ಮಾತು ಕೊಡಿ. ಅದನ್ನು ಉಳಿಸಿಕೊಳ್ಳಿ.

ಮಗು ಈಗಾಗಲೇ ಚಟಕ್ಕೆ ಬಿದ್ದಿದೆ ಎಂಬ ಅನುಮಾನವಿದ್ದರೆ ಮುಚ್ಚಿಡಬೇಡಿ. ಇದು ಮಾನ ಮರ್ಯಾದೆಯ ಪ್ರಶ್ನೆಯಲ್ಲ, ಚಿಕಿತ್ಸೆ ಇರುವ ಕಾಯಿಲೆ. ವ್ಯಸನಮುಕ್ತಿ ಸಹಾಯವಾಣಿ *14446*. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ *14416*, ಇಲ್ಲಿ ಕನ್ನಡದಲ್ಲೂ ಸೇವೆ ಇದೆ. ಎರಡೂ ಉಚಿತ.

ಹದಿಹರೆಯದ ಮಕ್ಕಳಿರುವ ಮನೆಗಳಿಗೆ ಇದನ್ನು ತಲುಪಿಸಿ. 🙏