ಕಡಲಿಗೆ ಕಂಡ ಕುದುರೆ

ಬೇಲೂರಿಗೆ ಬಂದ ಯಾತ್ರಿಕರು ಮದನಿಕೆಯರ ತಲೆಯ ಮೇಲೆ ಬಾಗಿರುವ ಕಲ್ಲಿನ ಎಲೆಬಳ್ಳಿಗಳನ್ನು ಕಣ್ತುಂಬ ನೋಡಿ, ಹಳೇಬೀಡಿನ ಬಸ್ಸನ್ನು ಹಿಡಿದು ಮೂಡಲಿಗೆ ಹೊರಟುಬಿಡುತ್ತಾರೆ. ಪಡುವಣ ದಾರಿಯನ್ನು ಹಿಡಿಯುವವರು ವಿರಳ. ಆದರೆ ಹೊಯ್ಸಳರು ಬಂದದ್ದು ಆ ದಿಕ್ಕಿನಿಂದಲೇ. ಅವರ ಮೂಲಸ್ಥಾನವೆನ್ನಲಾಗುವ ಸೊಸೆವೂರು, ಎಂದರೆ ಇಂದಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನಲ್ಲಿದೆ. ‘ಮಲೆಪರೊಳ್ ಗಂಡ’ನೆಂಬ ಅವರ ಬಿರುದಿನಲ್ಲಿಯೂ ಮಲೆಯ ನೆನಪು ಉಳಿದಿದೆ. ಮೂಡಿಗೆರೆ, ಕೊಟ್ಟಿಗೆಹಾರ, ಕಳಸಗಳನ್ನು ದಾಟಿ ಸಂಸೆಯನ್ನು ಸೇರಿದವರಿಗೆ ಕುದುರೆಮುಖದ ದರ್ಶನವಾಗುತ್ತದೆ.

ಸಂಸೆಯ ಕಡೆಯಿಂದ ಹತ್ತುತ್ತಿದ್ದವರಿಗೆ ಅದು ಸಂಸೆಪರ್ವತ. ಅರಬ್ಬೀ ಸಮುದ್ರದ ಮೇಲಿಂದ ನೋಡಿದವರಿಗೆ ಅದೇ ಶಿಖರ ಕುದುರೆಯ ಮೋರೆಯಂತೆ ಕಂಡಿತು. ಗೆದ್ದದ್ದು ಕಡಲಿನವರ ಹೆಸರು! ಸುಮಾರು 1,890 ಮೀಟರ್ ಎತ್ತರದ ಈ ಪರ್ವತ ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತದೆ. ಕಡಲ ಮೋಡಗಳು ಈ ಗೋಡೆಗೆ ತಾಗಿ, ಮೇಲೇರಿ, ತಣಿದು ಸುರಿಯುತ್ತವೆ. ವರ್ಷದ ಮಳೆ ಸುಮಾರು 7,000 ಮಿಲಿಮೀಟರು. ಬೇಲೂರಿನ ಮೂಡಣ ಹೊಲಗಳಲ್ಲಿ ರಾಗಿ ಬೆಳೆಯುವುದು ಈ ಗೋಡೆಯ ಹಿಂದಿನ ಮಳೆನೆರಳಿನಲ್ಲಿ.

ಇಳಿಜಾರಿನ ಕೆಳಗೆ ಬಲಗೆ, ಸುರಹೊನ್ನೆ, ಹೆಬ್ಬಲಸು, ನಾಗಸಂಪಿಗೆಗಳ ನಿತ್ಯಹರಿದ್ವರ್ಣದ ಕಾಡು. ಅದರ ಹಂದರದಲ್ಲಿ ಸಿಂಗಳೀಕಗಳ ಸಂಸಾರ. ಮೇಲೇರಿದಂತೆ ಮರಗಳು ಕುಳ್ಳಾಗುತ್ತವೆ. ನೆತ್ತಿಯ ಸಮೀಪದಲ್ಲಿ ಅವು ಗುಡ್ಡಗಳ ನಡುವಣ ಮಡಿಲುಗಳಲ್ಲಿ ಮಾತ್ರ ಒತ್ತೊತ್ತಾಗಿ ನಿಂತಿವೆ; ಕೊಂಬೆಕೊಂಬೆಗೂ ಹಾವಸೆ, ಸೀತಾಳೆಗಳು. ಇವೇ ಶೋಲಾ ಕಾಡುಗಳು. ಉಳಿದೆಲ್ಲ ಬೆನ್ನುಗಳ ಮೇಲೆ ಹುಲ್ಲು, ಬರಿಯ ಹುಲ್ಲು.

ಬರಿಯ ಹುಲ್ಲೆಂದವರು ಮಳೆಗಾಲದಲ್ಲಿ ಒಮ್ಮೆ ಮೊಳಕಾಲೂರಿ ನೋಡಬೇಕು. ಮಳೆ ತೊಳೆದ ಬಡಮಣ್ಣಿನಲ್ಲಿ ಸಾರಜನಕ ಸಾಲದೆ, ಸೂಕ್ಷ್ಮಜೀವಿಗಳನ್ನು ಹಿಡಿದುಣ್ಣುವ ಗೇಣುದ್ದದ ಸಸ್ಯಗಳು ಅಲ್ಲಿ ನಸುನೀಲಿ ಹೂಗಳನ್ನು ತಳೆದಿರುತ್ತವೆ. ಹಲವು ವರ್ಷಗಳಿಗೊಮ್ಮೆ ಹೂಬಿಟ್ಟು ಮಡಿಯುವ ಗುರಗಿಯೂ ಈ ಸೀಮೆಯದೇ. ಹುಲ್ಲಿನ ಬೇರು ತೆಳುಮಣ್ಣನ್ನು ಹಿಡಿದಿಡುತ್ತದೆ. ಶೋಲೆಯ ತರಗೆಲೆಯ ಹಾಸು ನೀರನ್ನು ಹೀರಿ ಬೇಸಿಗೆಯಲ್ಲಿ ಮೆಲ್ಲನೆ ಬಿಡುತ್ತದೆ. ಈ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ, ನೇತ್ರಾವತಿಯರು ಬೇಸಿಗೆಯಲ್ಲಿಯೂ ಹರಿಯುವುದು ಈ ಜೋಡಿಯ ಕೃಪೆಯಿಂದ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಬಗೆದು ಅಕೇಶಿಯಾ ನೆಟ್ಟದ್ದು ಉಪಕಾರವೆನಿಸಲಾರದು.

ಬೆಟ್ಟದ ಒಡಲಲ್ಲಿ ಮ್ಯಾಗ್ನಟೈಟ್ ಅದಿರಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪಿತವಾಯಿತು. ಅದಿರಿನ ಪುಡಿಯನ್ನು ನೀರಿನೊಡನೆ ಕಲಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಲಾಯಿತು. ಯಂತ್ರಶಾಸ್ತ್ರದ ದೃಷ್ಟಿಯಿಂದ ಅದು ಸೋಜಿಗದ ಕೆಲಸವೇ. ಊರೊಂದಕ್ಕೆ ಅನ್ನವನ್ನೂ ಕೊಟ್ಟಿತು. ಆದರೆ ಗಣಿಯಿದ್ದುದು ಭದ್ರೆಯ ಮೇಲ್ಹರಿವಿನಲ್ಲಿ. ಮಳೆಗಾಲದಲ್ಲಿ ಕೊಚ್ಚಿಬರುವ ಹೂಳು ವಿವಾದಕ್ಕೆ ಕಾರಣವಾಯಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ರಾಷ್ಟ್ರೀಯ ಉದ್ಯಾನವೆನಿಸಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಲಕ್ಯಾ ಅಣೆಕಟ್ಟಿನ ಹಿಂದೆ ಅದಿರು ತೆಗೆದುಳಿದ ಹೂಳು ಇನ್ನೂ ಇದೆ. ಅಗೆದ ಗುಡ್ಡದ ಮೆಟ್ಟಿಲುಗಳ ಮೇಲೆ ಹಸುರು ಹಬ್ಬುವುದು ಕಷ್ಟವಲ್ಲ. ಶೋಲೆಯ ಮಾತು ಬೇರೆ: ಅದರ ಎಷ್ಟೋ ಮರಗಳ ಸಸಿಗಳು ಬಿಸಿಲು ಗಾಳಿಗಳ ಬಯಲಿನಲ್ಲಿ ಏಳುವುದಿಲ್ಲ, ಅವಕ್ಕೆ ಹಳೆಯ ಮರಗಳದೇ ನೆರಳು ಬೇಕು.