ನಿವೃತ್ತ ಲೆಗೊ ಸೆಟ್‌ಗಳ ಸಂಗ್ರಹ ಮೌಲ್ಯ

ನಿವೃತ್ತ ಲೆಗೊ ಸೆಟ್‌ಗಳು ಎಂದರೆ ಡೆನ್ಮಾರ್ಕ್ ದೇಶದ ಲೆಗೊ ಸಂಸ್ಥೆಯು ತಯಾರಿಕೆಯನ್ನು ನಿಲ್ಲಿಸಿರುವ, ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಆಟಿಕೆಗಳು. ಸಾಮಾನ್ಯವಾಗಿ ಆಟಿಕೆಯೊಂದು ಅಂಗಡಿಯಿಂದ ಮನೆಗೆ ಬಂದೊಡನೆ ಅದರ ಮರುಮಾರಾಟದ ಬೆಲೆ ಕುಸಿಯುತ್ತದೆ. ಆದರೆ ಈ ಸೆಟ್‌ಗಳಲ್ಲಿ ಹಲವು, ತಯಾರಿಕೆ ನಿಂತ ಕೆಲವು ವರ್ಷಗಳ ನಂತರ ಮೂಲ ಬೆಲೆಗಿಂತ ಹೆಚ್ಚಿನ ಬೆಲೆಗೆ ಸಂಗ್ರಾಹಕರ ನಡುವೆ ಮಾರಾಟವಾಗುತ್ತವೆ. ಪೂರೈಕೆ ನಿಂತುಹೋಗುವುದು, ಹಳೆಯ ಭಾಗಗಳು ಹೊಸ ಭಾಗಗಳೊಂದಿಗೂ ಹೊಂದಿಕೊಳ್ಳುವುದು ಮತ್ತು ವಯಸ್ಕ ಅಭಿಮಾನಿಗಳ ಬೇಡಿಕೆ ಇದಕ್ಕೆ ಮುಖ್ಯ ಕಾರಣಗಳಾಗಿವೆ. ಆದಾಗ್ಯೂ ಎಲ್ಲ ಸೆಟ್‌ಗಳ ಬೆಲೆಯೂ ಏರುವುದಿಲ್ಲ.

ಹಿನ್ನೆಲೆ

ಬಡಗಿಯಾಗಿದ್ದ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅವರು 1932ರಲ್ಲಿ ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ ಮರದ ಆಟಿಕೆಗಳ ತಯಾರಿಕೆಯನ್ನು ಆರಂಭಿಸಿದರು. 'ಚೆನ್ನಾಗಿ ಆಡು' ಎಂಬ ಅರ್ಥ ಕೊಡುವ ಎರಡು ಡೇನಿಷ್ ಪದಗಳನ್ನು ಕೂಡಿಸಿ 1934ರಲ್ಲಿ 'ಲೆಗೊ' ಎಂಬ ಹೆಸರನ್ನು ಇಡಲಾಯಿತು. ಒಳಭಾಗದಲ್ಲಿ ಕೊಳವೆಗಳಿರುವ ಇಂದಿನ ಪ್ಲಾಸ್ಟಿಕ್ ಇಟ್ಟಿಗೆಯ ವಿನ್ಯಾಸಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಸಲಾಯಿತು. ಕೈಕಾಲು ಆಡಿಸಬಲ್ಲ ಪುಟ್ಟ ಮಾನವಾಕೃತಿಯಾದ ಮಿನಿಫಿಗರ್ 1978ರಲ್ಲಿ ಬಂದಿತು. 1999ರಲ್ಲಿ ಸ್ಟಾರ್ ವಾರ್ಸ್ ಚಲನಚಿತ್ರ ಸರಣಿಯನ್ನು ಆಧರಿಸಿದ ಸೆಟ್‌ಗಳು ಆರಂಭವಾದವು.

ಸಂಸ್ಥೆಯು ಪ್ರತಿ ವರ್ಷ ಹೊಸ ಸೆಟ್‌ಗಳನ್ನು ಹೊರತರುತ್ತದೆ ಮತ್ತು ಹಳೆಯವನ್ನು ಕೈಬಿಡುತ್ತದೆ. ಬಹುಪಾಲು ಸೆಟ್‌ಗಳು ಕೆಲವೇ ವರ್ಷಗಳ ಕಾಲ ಅಂಗಡಿಗಳಲ್ಲಿ ದೊರೆಯುತ್ತವೆ. ಹೀಗೆ ಕೈಬಿಟ್ಟ ಸೆಟ್ಟನ್ನು ಸಂಗ್ರಾಹಕರು 'ನಿವೃತ್ತ' ಎಂದು ಕರೆಯುತ್ತಾರೆ.

ಬೆಲೆ ಏರಿಕೆಯ ಕಾರಣಗಳು

ಕುಗ್ಗುವ ಪೂರೈಕೆ: ತಯಾರಿಕೆ ನಿಂತ ಮೇಲೆ ಸೆಟ್‌ಗಳ ಸಂಖ್ಯೆ ಹೆಚ್ಚುವುದಿಲ್ಲ, ಇದ್ದವೂ ಕಡಿಮೆಯಾಗುತ್ತ ಹೋಗುತ್ತವೆ. ಮಕ್ಕಳು ಪೆಟ್ಟಿಗೆಯನ್ನು ತೆರೆದು ಆಡುತ್ತಾರೆ, ಭಾಗಗಳು ಕಳೆದುಹೋಗುತ್ತವೆ, ಖಾಲಿ ಪೆಟ್ಟಿಗೆ ಕಸಕ್ಕೆ ಸೇರುತ್ತದೆ. ಆದ್ದರಿಂದ ಮೊಹರು ಒಡೆಯದ ಪ್ರತಿಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತವೆ. ದೊಡ್ಡ ಪೆಟ್ಟಿಗೆಗಳನ್ನು ಕಾಪಾಡಲು ಹೆಚ್ಚು ಜಾಗ ಬೇಕಾಗುವುದರಿಂದ ಅವು ಇನ್ನೂ ಕಡಿಮೆ ಸಂಖ್ಯೆಯಲ್ಲಿ ಉಳಿಯುತ್ತವೆ.

ಹೊಂದಾಣಿಕೆ: 1958ರ ಇಟ್ಟಿಗೆಯು ಇಂದಿನ ಇಟ್ಟಿಗೆಗೂ ಕೂಡಿಕೊಳ್ಳುತ್ತದೆ. ಹಳೆಯ ಗಣಕಯಂತ್ರ ಅಥವಾ ವಿಡಿಯೊ ಆಟದಂತೆ ಹಳೆಯ ಸೆಟ್ ತಾಂತ್ರಿಕವಾಗಿ ಬಳಕೆಗೆ ಬಾರದಂತಾಗುವುದಿಲ್ಲ. ಇದರಿಂದ ಬಿಡಿಭಾಗಗಳಿಗೂ ಸ್ವತಂತ್ರ ಬೆಲೆ ದೊರೆಯುತ್ತದೆ. ಒಂದೇ ಸೆಟ್‌ನಲ್ಲಿ ಬಂದ ವಿಶಿಷ್ಟ ಬಣ್ಣದ ಭಾಗ ಅಥವಾ ಮಿನಿಫಿಗರ್ ಇದ್ದಲ್ಲಿ ಇಡೀ ಸೆಟ್‌ನ ಬೆಲೆ ಏರಬಹುದು. 2013ರಲ್ಲಿ ಕೇವಲ 5,000 ಪ್ರತಿಗಳಲ್ಲಿ ಬಿಡುಗಡೆಯಾದ 'ಮಿಸ್ಟರ್ ಗೋಲ್ಡ್' ಎಂಬ ಚಿನ್ನದ ಬಣ್ಣದ ಮಿನಿಫಿಗರ್ ಬಿಡಿಯಾಗಿಯೇ ದುಬಾರಿ ಬೆಲೆ ಪಡೆಯಿತು.

ವಯಸ್ಕರ ಬೇಡಿಕೆ: ಬಾಲ್ಯದಲ್ಲಿ ಬಯಸಿಯೂ ಸಿಗದಿದ್ದ ಅಥವಾ ಸಿಕ್ಕಿ ಕಳೆದುಹೋದ ಆಟಿಕೆಯನ್ನು ಸಂಪಾದನೆ ಆರಂಭವಾದ ಮೇಲೆ ಕೊಳ್ಳುವವರು ಅನೇಕರಿದ್ದಾರೆ. ಆ ವೇಳೆಗೆ ಸೆಟ್ ನಿವೃತ್ತವಾಗಿರುತ್ತದೆ. ಚಲನಚಿತ್ರ ಆಧಾರಿತ ಸೆಟ್‌ಗಳಿಗೆ ಆ ಚಿತ್ರಗಳ ಅಭಿಮಾನಿಗಳೂ ಕೊಳ್ಳುವವರಾಗುತ್ತಾರೆ.

ಸರಣಿಯ ಪೂರ್ಣತೆ: 2007ರಲ್ಲಿ ಬಂದ, 2,056 ಭಾಗಗಳ 'ಕೆಫೆ ಕಾರ್ನರ್' ಒಂದರ ಪಕ್ಕ ಒಂದು ಜೋಡಿಸಬಹುದಾದ ಕಟ್ಟಡಗಳ ಸರಣಿಯಲ್ಲಿ ಮೊದಲನೆಯದು. ಸರಣಿಯು ಮುಂದುವರಿದಂತೆಲ್ಲ ಹೊಸದಾಗಿ ಬೀದಿ ಕಟ್ಟಲು ತೊಡಗಿದವರಿಗೆ ಮೊದಲ ಕಟ್ಟಡದ ಕೊರತೆ ಎದ್ದು ಕಾಣುತ್ತದೆ. ಹೀಗೆ ಪ್ರತಿಯೊಂದು ಹೊಸ ಕಟ್ಟಡವೂ ಹಳೆಯದಕ್ಕೆ ಬೇಡಿಕೆಯನ್ನು ಹೆಚ್ಚಿಸುತ್ತದೆ.

ಸುಲಭವಾದ ಮಾರುಕಟ್ಟೆ: ಪ್ರತಿ ಸೆಟ್ಟಿಗೂ ಒಂದು ಸಂಖ್ಯೆ ಇರುವುದರಿಂದ ದೂರದ ಕೊಳ್ಳುವವರೂ ಮಾರುವವರೂ ಗೊಂದಲವಿಲ್ಲದೆ ವ್ಯವಹರಿಸಬಹುದು. 2000ದಲ್ಲಿ ಆರಂಭವಾದ ಬ್ರಿಕ್‌ಲಿಂಕ್ ಎಂಬ ಆನ್‌ಲೈನ್ ಮಾರುಕಟ್ಟೆಯು ಸೆಟ್‌ಗಳ ಮತ್ತು ಬಿಡಿಭಾಗಗಳ ಮಾರಾಟದ ಬೆಲೆಗಳನ್ನು ಎಲ್ಲರಿಗೂ ಕಾಣುವಂತೆ ಮಾಡಿತು. 2019ರಲ್ಲಿ ಲೆಗೊ ಸಂಸ್ಥೆಯೇ ಅದನ್ನು ಕೊಂಡುಕೊಂಡಿತು.

ಸ್ಥಿತಿ ಮತ್ತು ಬೆಲೆ

ಮೊಹರು ಒಡೆಯದ ಪೆಟ್ಟಿಗೆಗೆ ಅತಿ ಹೆಚ್ಚಿನ ಬೆಲೆ ಇರುತ್ತದೆ. ತೆರೆದಿದ್ದರೂ ಎಲ್ಲ ಭಾಗಗಳು, ಮಿನಿಫಿಗರ್‌ಗಳು, ಕೈಪಿಡಿ ಮತ್ತು ಪೆಟ್ಟಿಗೆ ಉಳಿದಿರುವ ಸೆಟ್ ನಂತರದ ಸ್ಥಾನದಲ್ಲಿದೆ. ಎಬಿಎಸ್ ಪ್ಲಾಸ್ಟಿಕ್ಕಿನ ಇಟ್ಟಿಗೆಗಳು ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಂದ ಹಳದಿಯಾಗುತ್ತವೆ; ಬಿಳಿ, ಬೂದು ಮತ್ತು ನೀಲಿ ಬಣ್ಣಗಳಲ್ಲಿ ಇದು ಬೇಗ ಕಾಣುತ್ತದೆ. ತೇವದಿಂದ ಪೆಟ್ಟಿಗೆಯ ರಟ್ಟು ಹಾಳಾಗುತ್ತದೆ.

ಅಧ್ಯಯನ

ರಷ್ಯಾದ ಸಂಶೋಧಕಿಯರಾದ ವಿಕ್ಟೋರಿಯಾ ಡೊಬ್ರಿನ್ಸ್ಕಾಯಾ ಮತ್ತು ಜೂಲಿಯಾ ಕಿಶಿಲೋವಾ ಅವರು 1987ರಿಂದ 2015ರವರೆಗಿನ 2,000ಕ್ಕೂ ಹೆಚ್ಚು ಸೆಟ್‌ಗಳ ಬೆಲೆಗಳನ್ನು ಪರಿಶೀಲಿಸಿದರು. ಸರಾಸರಿ ಪ್ರತಿಫಲವು ವರ್ಷಕ್ಕೆ ಕನಿಷ್ಠ ಶೇ. 11ರಷ್ಟು, ಹಣದುಬ್ಬರವನ್ನು ಕಳೆದರೆ ಶೇ. 8ರಷ್ಟು ಎಂದು ಅವರ ಅಧ್ಯಯನ ತಿಳಿಸುತ್ತದೆ. ತೀರ ಚಿಕ್ಕ ಮತ್ತು ತೀರ ದೊಡ್ಡ ಸೆಟ್‌ಗಳು, ಹಬ್ಬದ ಕಾಲದ ಸೆಟ್‌ಗಳು, ವಾಸ್ತುಶಿಲ್ಪದ ಮತ್ತು ಚಲನಚಿತ್ರ ಆಧಾರಿತ ಸೆಟ್‌ಗಳು ಹೆಚ್ಚು ಲಾಭ ತಂದಿದ್ದವು. ಶೇ. 11ರ ದರದಲ್ಲಿ ಬೆಲೆ ಇಮ್ಮಡಿಯಾಗಲು ಸುಮಾರು ಆರೂವರೆ ವರ್ಷ ಬೇಕಾಗುತ್ತದೆ. ಆದರೆ ಇದು ಸರಾಸರಿ ಮಾತ್ರ. ಕೆಲವು ಸೆಟ್‌ಗಳ ಬೆಲೆ ಮೂಲ ಬೆಲೆಗಿಂತ ಕೆಳಗಿಳಿದದ್ದೂ ಉಂಟು. ಸಾಗಾಣಿಕೆ, ಮಾರುಕಟ್ಟೆಯ ಶುಲ್ಕ ಮತ್ತು ದಾಸ್ತಾನಿನ ಖರ್ಚನ್ನು ಕಳೆದ ಮೇಲೆ ಮಾರುವವರ ಕೈಗೆ ಬರುವ ಲಾಭ ಇನ್ನೂ ಕಡಿಮೆ.

ಮರುಬಿಡುಗಡೆಯ ಪರಿಣಾಮ: ತಾಜ್ ಮಹಲ್

ಆಗ್ರಾದ ತಾಜ್ ಮಹಲಿನ ಮಾದರಿಯು (ಸಂಖ್ಯೆ 10189) 2008ರಲ್ಲಿ 5,922 ಭಾಗಗಳೊಂದಿಗೆ ಬಿಡುಗಡೆಯಾಯಿತು. ಆಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 300 ಡಾಲರ್. ನಿವೃತ್ತಿಯ ನಂತರ ಅದು ಮೂಲ ಬೆಲೆಯ ಹಲವು ಪಟ್ಟಿಗೆ ಮಾರಾಟವಾಯಿತು. 2017ರಲ್ಲಿ ಸಂಸ್ಥೆಯು ಬಹುತೇಕ ಅದೇ ಮಾದರಿಯನ್ನು 10256 ಎಂಬ ಸಂಖ್ಯೆಯಲ್ಲಿ, 5,923 ಭಾಗಗಳೊಂದಿಗೆ, ಸುಮಾರು 370 ಡಾಲರ್ ಬೆಲೆಗೆ ಮತ್ತೆ ಹೊರತಂದಿತು. ಆಗ ಹಳೆಯ ಸೆಟ್‌ನ ಬೆಲೆ ಗಣನೀಯವಾಗಿ ಇಳಿಯಿತು. ಅಧಿಕ ಬೆಲೆ ತೆತ್ತು ಕೂಡಿಟ್ಟವರು ನಷ್ಟ ಅನುಭವಿಸಿದರು. ಕಟ್ಟಿ ನೋಡಬೇಕೆಂದು ಕಾದಿದ್ದವರಿಗೆ ಅದು ಕೈಗೆಟುಕಿತು. ಅದೇ ವರ್ಷ 'ಮಿಲೆನಿಯಮ್ ಫಾಲ್ಕನ್' ಎಂಬ ಅಂತರಿಕ್ಷ ನೌಕೆಯ ಸಂಗ್ರಾಹಕರ ಮಾದರಿಯೂ 7,541 ಭಾಗಗಳ ಹೊಸ ರೂಪದಲ್ಲಿ ಬಂದಿತು. ಇದರ ಹಿಂದಿನ ಆವೃತ್ತಿ 2007ರದು.

ಅಪಾಯಗಳು

ಬೆಲೆ ಏರಿದಂತೆ ನಕಲಿ ಸೆಟ್‌ಗಳೂ ಬಂದವು. ಚೀನಾದ 'ಲೆಪಿನ್' ಹೆಸರಿನ ನಕಲುಗಳ ತಯಾರಕರ ಮೇಲೆ 2019ರಲ್ಲಿ ಶಾಂಘೈ ಪೊಲೀಸರು ದಾಳಿ ನಡೆಸಿದರು. ಕಳವು ಮತ್ತೊಂದು ಸಮಸ್ಯೆ. 2024ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಪೊಲೀಸರು 4,000ಕ್ಕೂ ಹೆಚ್ಚು ಕಳವಾದ ಸೆಟ್‌ಗಳನ್ನು ವಶಪಡಿಸಿಕೊಂಡರು.

ಎಲ್ಲರೂ ಕೂಡಿಟ್ಟ ವಸ್ತು ಅಪರೂಪವಾಗಿ ಉಳಿಯುವುದಿಲ್ಲ ಎಂಬುದಕ್ಕೆ 'ಬೀನಿ ಬೇಬೀಸ್' ಎಂಬ ಮೆತ್ತನೆಯ ಗೊಂಬೆಗಳು ಪ್ರಸಿದ್ಧ ಉದಾಹರಣೆ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಅಸಂಖ್ಯ ಜನರು ಮುಂದೆ ಬೆಲೆ ಬರುವುದೆಂದು ಅವನ್ನು ಜೋಪಾನವಾಗಿ ಕೂಡಿಟ್ಟರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿಯಿತು. ಲೆಗೊ ಸೆಟ್‌ಗಳ ಬಹುಪಾಲು ಇಂದಿಗೂ ಮಕ್ಕಳ ಕೈಸೇರಿ, ತೆರೆಯಲ್ಪಟ್ಟು, ಬಳಕೆಯಾಗುತ್ತಿದೆ. ಉಳಿದ ಪೆಟ್ಟಿಗೆಗಳಿಗೆ ಬೆಲೆ ಬರುವುದು ಇದರಿಂದಲೇ. ಕೊಳ್ಳುವವರೆಲ್ಲರೂ ಪೆಟ್ಟಿಗೆಯನ್ನು ತೆರೆಯದೆ ಅಟ್ಟದ ಮೇಲೆ ಇಡತೊಡಗಿದರೆ ಆ ಬೆಲೆಯ ಆಧಾರವೇ ಇಲ್ಲವಾಗುತ್ತದೆ.